ಅಕ್ಕಡಿ ಸಾಲು

ಜಕ್ಕೂರು ಕೆರೆಯ ಏರಿ. ಭಾನುವಾರ, ಬೆಳಗಿನ ಆರೂವರೆ. ಅಕ್ಕನಿಗೆ ಅರವತ್ತೆರಡು, ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವರು. ತಮ್ಮನಿಗೆ ನಲವತ್ತೆಂಟು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗಿಲ್ಲ. ಅಲ್ಲೆದ್ದಿರುವ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ತಮ್ಮನ ಮನೆ. ಅಕ್ಕ ಊರೊಳಗಿನ ಹಳೇ ಮನೆಯಲ್ಲೇ ಇದ್ದಾರೆ. ಅವರ ಕೊರಳಲ್ಲಿ ಒಂದು ದುರ್ಬೀನು, ಕೈಯಲ್ಲಿ ಒಂದು ದಪ್ಪ ಶಾಲಾ ನೋಟ್‌ಬುಕ್ಕು.

ತಮ್ಮ: ಅಕ್ಕ, ಮನೆ ಸಾಲ ತೀರಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕ: ಖುಷಿಗಾ?

ತಮ್ಮ: ಖುಷಿಗೇ ಅಂತ ಮೊದಲು ಅಂದುಕೊಂಡೆ. ಹದಿನಾರು ವರ್ಷ ಕಟ್ಟಿದ ಕಂತು, ಸುಮ್ಮನೆ ಮಾತಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಾಲ್ಕನಿಗೆ ಬಂದೆ. ಕತ್ತಲಲ್ಲಿ ಕೆರೆ ಕಾಣ್ತಿತ್ತು. 'ಇನ್ನೇನು?' ಅನ್ನೋ ಒಂದೇ ಮಾತು ತಲೆಯೊಳಗೆ ಸುತ್ತೋಕೆ ಶುರುವಾಯ್ತು. ಮಗಳು ಚೆನ್ನಾಗಿ ಓದ್ತಿದಾಳೆ, ಮನೇಲಿ ಎಲ್ಲರೂ ಆರೋಗ್ಯವಾಗಿದೀವಿ, ಬ್ಯಾಂಕಲ್ಲಿ ದುಡ್ಡಿದೆ. ಒಂದೂ ಕೊರತೆಯಿಲ್ಲ. ಆದರೂ ಏನೋ ಎದೆ ಮೇಲೆ ಬಂದು ಕೂತ ಹಾಗಿದೆ. ಅಪ್ಪ ಪಟ್ಟ ಪಾಡು ನೋಡಿದವನು ನಾನು. ಇದನ್ನ ಬಾಯಿ ಬಿಟ್ಟು ಹೇಳಿಕೊಳ್ಳೋಕೂ ನಾಚಿಕೆ.

ಅಕ್ಕ: ನಾಚಿಕೆ ಯಾಕೋ? ಹಸಿವು ಹೇಗೆ ನಿಜವೋ ಇದೂ ಹಾಗೇ ನಿಜ. ತಡಿ, ಆ ನಡುಗಡ್ಡೆ ಒಣಮರದ ಮೇಲೆ ಕೂತಿವೆಯಲ್ಲ, ಏನವು? ದುರ್ಬೀನಲ್ಲಿ ನೋಡಿ ಹೇಳು.

ತಮ್ಮ: ಕಪ್ಪು ಹಕ್ಕಿ. ರೆಕ್ಕೆ ಬಿಚ್ಚಿಕೊಂಡು ಕೂತಿವೆ.

ಅಕ್ಕ: ನೀರುಕಾಗೆ. ಮುಳುಗಿ ಮೀನು ಹಿಡಿದು ಬಂದಿರ್ತವೆ, ಈಗ ರೆಕ್ಕೆ ಒಣಗಿಸಿಕೊಳ್ತಿವೆ. ಎಷ್ಟಿವೆ?

ತಮ್ಮ: ಏಳು. ಅಲ್ಲ, ಎಂಟು. ಹಿಂದೆ ಒಂದಿದೆ.

ಅಕ್ಕ: ಎಂಟು. ಬರೆದುಕೊಂಡೆ. ನೀನು ಹೇಳು.

ತಮ್ಮ: ಇದರ ಬಗ್ಗೆ ಓದಿದೆ ಅಕ್ಕ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಮೂವರು ಒಂದು ಅಧ್ಯಯನ ಮಾಡಿದ್ರು. ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನ, ಗೆಲ್ಲದೇ ಇದ್ದ ಅವರ ಅಕ್ಕಪಕ್ಕದವರನ್ನ ಮಾತಾಡಿಸಿದ್ರು. ಗೆದ್ದವರು ಉಳಿದವರಿಗಿಂತ ಅಂಥಾ ಸುಖವಾಗೇನೂ ಇರಲಿಲ್ಲ. ಅದಕ್ಕಿಂತ ನನ್ನನ್ನ ತಟ್ಟಿದ್ದು ಇನ್ನೊಂದು. ಬೆಳಗಿನ ತಿಂಡಿ, ಗೆಳೆಯರ ಜೊತೆ ಮಾತು, ಒಂದು ತಮಾಷೆ, ಇಂಥ ಚಿಕ್ಕಪುಟ್ಟ ಸುಖ ಅವರಿಗೆ ಉಳಿದವರಿಗಿಂತ ಸಪ್ಪೆಯಾಗಿಬಿಟ್ಟಿತ್ತು. ನಾನೇ ಅದು ಅನ್ನಿಸ್ತು. ಎರಡು ವರ್ಷದಿಂದ ಏನೇನೋ ಮಾಡ್ತಿದೀನಿ. ಹತ್ತು ದಿನ ಮೌನ ಶಿಬಿರಕ್ಕೆ ಹೋಗಿ ಬಂದೆ. ಬದುಕಿನ ಉದ್ದೇಶ ಹುಡುಕಿಕೊಳ್ಳೋದು ಹೇಗೆ ಅಂತ ಒಂದು ಕೋರ್ಸು ಮುಗಿಸಿದೆ. ಓಡೋಕೆ ಶುರು ಮಾಡಿ ಇಪ್ಪತ್ತೊಂದು ಕಿಲೋಮೀಟರ್ ಓಡಿದೆ. ಮೆಡಲ್ಲು ಬಾಗಿಲ ಹಿಂದೆ ನೇತಾಡ್ತಿದೆ.

ಅಕ್ಕ: ಶಿಬಿರದಲ್ಲಿ ಏನು ಸಿಕ್ಕಿತು?

ತಮ್ಮ: ನೆಮ್ಮದಿ ಸಿಕ್ಕಿತು, ಸುಳ್ಳು ಹೇಳಲ್ಲ. ಮೂರು ವಾರ ಇತ್ತು.

ಅಕ್ಕ: ಆಯ್ದಕ್ಕಿ ಮಾರಯ್ಯನ ಕತೆ ನೆನಪಿದೆಯಾ?

ತಮ್ಮ: ಲಕ್ಕಮ್ಮನ ಗಂಡ. ಜಾಸ್ತಿ ತಂದ ಅಕ್ಕೀನ ವಾಪಸ್ಸು ಸುರಿದು ಬಾ ಅಂದಳಲ್ಲ, ಆ ಕತೆ.

ಅಕ್ಕ: ಅದು ಕೊನೆ. ಎಲ್ಲರೂ ಅದೊಂದನ್ನೇ ನೆನಪಿಟ್ಟುಕೊಳ್ತಾರೆ. ಮೊದಲು ನಡೆದದ್ದು ನಿನಗೆ ಬೇಕಾದದ್ದು. ಹನ್ನೆರಡನೇ ಶತಮಾನ, ಬಸವಣ್ಣನ ಕಲ್ಯಾಣ. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಗಂಡ ಹೆಂಡತಿ. ಅಂಗಳದಲ್ಲಿ ಬಿದ್ದ ಅಕ್ಕಿ ಆಯೋದು ಮಾರಯ್ಯನ ಕಾಯಕ, ಆಯ್ದ ಅಕ್ಕಿಯಿಂದ ಮನೇಲಿ ದಾಸೋಹ. ಒಂದು ದಿನ ಮಾರಯ್ಯ ಶರಣರ ಅನುಭವದ ಮಾತು ಕೇಳ್ತಾ ಕೂತವನು ಅಲ್ಲೇ ಮೈಮರೆತ. ಎಂಥಾ ಮಾತು ಅಂತೀಯ! ಅಲ್ಲಮನಂಥವರು ಇದ್ದ ಕಾಲ. ಅದಕ್ಕಿಂತ ದೊಡ್ಡ ಶಿಬಿರ ಕನ್ನಡನಾಡಿನಲ್ಲಿ ಎಂದೂ ನಡೆದಿಲ್ಲ. ಆದರೂ ಲಕ್ಕಮ್ಮ ಅವನನ್ನ ಎಬ್ಬಿಸಿದಳು. ನಿನ್ನ ಕಾಯಕ ನಿಂತಿದೆ, ಎದ್ದು ಹೋಗು ಅಂದಳು. ಕೇಳೋದು ತಪ್ಪು ಅಂತ ಅವಳು ಹೇಳಲಿಲ್ಲ. ಅಲ್ಲಿ ಬಿದ್ದ ಅಕ್ಕಿ ಕಾದಿದೆ, ಇಲ್ಲಿ ಊಟಕ್ಕೆ ಬರೋರು ಕಾದಿದಾರೆ ಅನ್ನೋದು ಅವಳ ಕಣ್ಣಿಗೆ ಬಿತ್ತು. ಆ ಕಾಯಕವೇ ಮಾರಯ್ಯ ಬೆಳೆಯಬೇಕಾದ ಜಾಗ ಅಂತ ಅವಳಿಗೆ ಗೊತ್ತಿತ್ತು.

ತಮ್ಮ: ಅಂದರೆ ನಾನು ಕೇಳ್ತಾ ಕೂತವನು.

ಅಕ್ಕ: ನೀನು ಎರಡು ವರ್ಷದಿಂದ ನಿನ್ನನ್ನೇ ನೋಡಿಕೊಳ್ತಾ ಕೂತಿದೀಯ. ಅದನ್ನ ನಾನು ಆಡಿಕೊಳ್ಳಲ್ಲ. ಆದರೆ ಮೌನ ನಿನಗೆ, ಓಟ ನಿನಗೆ, ಕೋರ್ಸು ನಿನಗೆ. ನೀನು ಒಂದು ದಿನ ಹೋಗದೇ ಇದ್ದರೆ ಅಲ್ಲಿ ಯಾರಿಗೆ ಏನು ಕಡಿಮೆಯಾಗ್ತಿತ್ತು ಹೇಳು?

ತಮ್ಮ: ಯಾರಿಗೂ ಏನೂ ಇಲ್ಲ.

ಅಕ್ಕ: ಅಷ್ಟೇ ನಾನು ಹೇಳೋದು. ನಡಿ, ಆ ಕಡೆ ಜೊಂಡಿನ ಹತ್ತಿರ ಹೋಗೋಣ.

ಇಬ್ಬರೂ ಏರಿ ಹಿಡಿದು ಕೆರೆಯ ಮೇಲ್ಗಡೆಗೆ ನಡೆದರು. ಜಕ್ಕೂರಿನ ಏರೋಡ್ರೋಮಿನಿಂದ ಎದ್ದ ಚಿಕ್ಕ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು.

ತಮ್ಮ: ಚಿಕ್ಕೋನಿದ್ದಾಗ ಇದರ ಸದ್ದು ಕೇಳಿದ್ರೆ ಹೊಲದಲ್ಲಿ ಓಡ್ತಿದ್ದೆ. ಅಕ್ಕ, ನಿಜ ಹೇಳಲಾ? ಕೆಲಸ ಬಿಡೋಣ ಅಂತಿದೀನಿ. ಕ್ಯಾಪ್ಟನ್ ಗೋಪಿನಾಥ್ ನೋಡು. ಇಪ್ಪತ್ತೆಂಟಕ್ಕೆ ಸೈನ್ಯ ಬಿಟ್ಟರು. ಬೇಸಾಯ ಮಾಡಿದರು. 1997ರಲ್ಲಿ ಇದೇ ಜಕ್ಕೂರಿನಲ್ಲಿ ನೆಲೆ ಮಾಡಿಕೊಂಡು ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರಲ್ಲಿ ಏರ್ ಡೆಕ್ಕನ್. ಒಂದೇ ಬದುಕಲ್ಲಿ ಎಷ್ಟು ಸಲ ಹೊಸದಾಗಿ ಹುಟ್ಟಿದ ಮನುಷ್ಯ! ನಾನು ಇಪ್ಪತ್ತೈದು ವರ್ಷದಿಂದ ಅದೇ ಕುರ್ಚಿಯಲ್ಲಿದೀನಿ.

ಅಕ್ಕ: ಅವರ ಪುಸ್ತಕ ನಾನೂ ಓದಿದೀನಿ, ವಿಶ್ವೇಶ್ವರ ಭಟ್ಟರು ಮಾಡಿದ ಕನ್ನಡ, 'ಬಾನಯಾನ'. ನೀನು ಹಾರಿದ್ದನ್ನ ಹೇಳ್ತಿದೀಯ, ನನಗೆ ನೆನಪಲ್ಲಿ ಉಳಿದದ್ದು ನೆಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಅವರ ಮನೆತನದ ಜಮೀನು ಮುಳುಗಿತು. ಬದಲಿಗೆ ಸರ್ಕಾರ ಜಾವಗಲ್ ಕಡೆ ಬರಡು ಜಮೀನು ಕೊಟ್ಟಿತು. ಅದನ್ನ ನೋಡೋಕೆ ಹೋದವರು ಅಲ್ಲೇ ಗುಡಾರ ಹಾಕಿ ಉಳಿದುಬಿಟ್ಟರು. ಬೇಸರವಾಗಿ ಏನಾದರೂ ಬೇರೆ ಮಾಡೋಣ ಅಂತ ಹೊರಟವರಲ್ಲ ಅವರು. ಮನೆತನಕ್ಕೆ ಬಂದ ನೆಲ ಅಲ್ಲಿ ಪಾಳು ಬಿದ್ದಿತ್ತು, ಅದಕ್ಕೊಬ್ಬ ಮನುಷ್ಯ ಬೇಕಾಗಿತ್ತು. ಎಷ್ಟೋ ವರ್ಷ ಕೈ ಸುಟ್ಟುಕೊಂಡು, ರೇಷ್ಮೆ ಬೆಳೆದು, ತೆಂಗು ಬೆಳೆದು, ಮಣ್ಣನ್ನ ಕೆದಕದೇ ಬದುಕಿಸೋದು ಕಲಿತರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹೆಲಿಕಾಪ್ಟರ್ ಬಂದದ್ದು ಆಮೇಲೆ.

ತಮ್ಮ: ಏರ್ ಡೆಕ್ಕನ್ ಉಳಿಯಲಿಲ್ಲ, ಅದೂ ಗೊತ್ತು. ಕಿಂಗ್‌ಫಿಷರ್ ಜೊತೆ ಸೇರಿತು, ಕೊನೆಗೆ ಅದೂ ಹೋಯಿತು.

ಅಕ್ಕ: ಹೋದರೆ ಹೋಯಿತು. ವಿಮಾನ ಹತ್ತೋದು ನಮ್ಮಂಥವರಿಗಲ್ಲ ಅಂದುಕೊಂಡಿದ್ದ ಎಷ್ಟೋ ಜನ ಅದರಲ್ಲಿ ಹತ್ತಿದರು. ಅಮ್ಮ ಒಂದೇ ಸಲ ವಿಮಾನದಲ್ಲಿ ಕೂತದ್ದು, ಹುಬ್ಬಳ್ಳಿಗೆ, ಅದರಲ್ಲೇ. ನಾನು ಹೇಳೋದು ಬೇರೆ. ಬಿಟ್ಟು ಹೋದವರ ಕತೆ ಕೇಳುವಾಗ ನಾವು ಬಿಟ್ಟದ್ದನ್ನ ಮಾತ್ರ ಎಣಿಸ್ತೀವಿ. ಎಲ್ಲಿಗೆ ಹೋದರು, ಅಲ್ಲಿ ಏನು ಕಾದಿತ್ತು ಅಂತ ಕೇಳಲ್ಲ. ಡಾಕ್ಟರ್ ಸುದರ್ಶನ್ ಬೆಂಗಳೂರಲ್ಲಿ ವೈದ್ಯಕೀಯ ಓದಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರು, 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯ್ತು. ಬೆಟ್ಟದ ಗಾಳಿ ಚೆನ್ನಾಗಿದೆ ಅಂತ ಹೋದರಾ? ಸೋಲಿಗರಿಗೆ ವೈದ್ಯರಿರಲಿಲ್ಲ. ನಿನಗೆ ಅಂಥದ್ದೊಂದು ಕಡೆಯಿಂದ ಕೂಗು ಬಂದಿದ್ದರೆ ಇವತ್ತೇ ರಾಜೀನಾಮೆ ಬರಿ, ನಾನೇ ಬಂದು ನಿನ್ನ ಹೆಂಡತಿ ಹತ್ತಿರ ಮಾತಾಡ್ತೀನಿ. ಬಂದಿದೆಯಾ?

ತಮ್ಮ: ಇಲ್ಲ. ಇರೋ ಜಾಗ ಬೇಸರವಾಗಿದೆ ಅಷ್ಟೇ.

ಅಕ್ಕ: ಹಾಗಾದರೆ ಬಿಡಬೇಡ. ಬೇಸರ ಮೂಟೆ ಕಟ್ಟಿಕೊಂಡು ನಿನ್ನ ಜೊತೇಲೇ ಬರುತ್ತೆ.

ತಮ್ಮ: ಇಷ್ಟು ಕಟುವಾಗಿ ಹೇಳ್ತೀಯ ಅಂದುಕೊಂಡಿರಲಿಲ್ಲ.

ಅಕ್ಕ: ನಿನ್ನನ್ನ ಸೊಂಟದ ಮೇಲೆ ಹೊತ್ತು ಸಾಕಿದವಳು ಕಣೋ ನಾನು. ಬೇರೆ ಯಾರು ಹೇಳ್ತಾರೆ? ನೋಡು, ನಮ್ಮ ಊರಲ್ಲೇ ಇನ್ನೊಂದು ಥರದವರೂ ಇದಾರೆ. ಪ್ರೊಫೆಸರ್ ಸಿ.ಎನ್.ಆರ್. ರಾವ್ ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸಿ 1959ರಲ್ಲಿ ಬೆಂಗಳೂರಿಗೆ ವಾಪಸ್ಸು ಬಂದರು. ಅಲ್ಲಿದ್ದಂಥ ಪ್ರಯೋಗಾಲಯ ಆಗ ಇಲ್ಲಿರಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದ ಮೇಲೆ 1989ರಲ್ಲಿ ಜವಾಹರಲಾಲ್ ನೆಹರೂ ಕೇಂದ್ರ ಹುಟ್ಟುಹಾಕಿದರು, ಅದೇ ನೀನು ದಿನಾ ಕಾರಲ್ಲಿ ದಾಟೋ ಗೇಟು. 2014ರಲ್ಲಿ ಭಾರತರತ್ನ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ಆಮೇಲೂ ಅವರ ರಸಾಯನಶಾಸ್ತ್ರ ನಿಲ್ಲಲಿಲ್ಲ. ಒಂದೇ ಕೆಲಸ, ಅರವತ್ತು ವರ್ಷಕ್ಕೂ ಮೇಲೆ. ಅವರು ಯಾವ ಕುರ್ಚಿ ಬಿಟ್ಟರು ಅಂತ ಯಾರಾದರೂ ಕೇಳ್ತಾರಾ? ನಾನು ಆ ಕೇಂದ್ರಕ್ಕೆ ಮಕ್ಕಳನ್ನ ಕರಕೊಂಡು ಹೋಗ್ತಿದ್ದೆ. ಪರಮಾಣು ಅಂದರೆ ಏನು ಅಂತ ಹಳ್ಳಿ ಮಕ್ಕಳಿಗೆ ಅಲ್ಲಿ ಹೇಳಿಕೊಡೋದನ್ನ ನೋಡಿದ ಮೇಲೆ ನನ್ನ ಪಾಠ ಮಾಡೋ ರೀತೀನೇ ಬದಲಾಯಿತು.

ತಮ್ಮ: ಅಕ್ಕ, ಇವರೆಲ್ಲ ದೊಡ್ಡವರು. ಇನ್ನೊಂದು ಮಾತು ನನ್ನನ್ನ ಚುಚ್ಚುತ್ತೆ. ಇದು ಹೊಟ್ಟೆ ತುಂಬಿದವರ ಪ್ರಶ್ನೆ ಅಲ್ವಾ? ನಮ್ಮ ಅಪಾರ್ಟ್‌ಮೆಂಟಿಗೆ ಕಸ ಗುಡಿಸೋಕೆ ಬರೋ ಹೆಂಗಸು 'ನನ್ನ ಬದುಕಿನ ಉದ್ದೇಶ ಏನು' ಅಂತ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತಾಳಾ?

ಅಕ್ಕ: ಕೂರಲ್ಲ ಅಂತ ನಿನಗೆ ಹೇಗೆ ಗೊತ್ತು? ಕೇಳಿದೀಯಾ?

ತಮ್ಮ: ಇಲ್ಲ.

ಅಕ್ಕ: ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರ್ತಿದ್ದವರು. ಯಾರೋ ಪರದೇಶದವರು ಬೆಲೆ ಎಷ್ಟು ಅಂತ ಇಂಗ್ಲಿಷಲ್ಲಿ ಕೇಳಿದರು, ಇವರಿಗೆ ಉತ್ತರ ಹೇಳೋಕೆ ಬರಲಿಲ್ಲ. ಆ ಅವಮಾನ ನನ್ನೂರಿನ ಮಕ್ಕಳಿಗೆ ಬರಬಾರದು ಅಂತ ಕಿತ್ತಳೆ ಮಾರಿದ ದುಡ್ಡು ಕೂಡಿಸಿ, ಕಚೇರಿ ಕಚೇರಿ ಅಲೆದು ಶಾಲೆ ತಂದರು. 2020ರ ಪದ್ಮಶ್ರೀ ಅವರಿಗೆ ಬಂತು. ಅವರ ಹೊಟ್ಟೆ ತುಂಬಿತ್ತಾ? ಹೊಟ್ಟೆ ತುಂಬಿದ ಮೇಲೆ ಹುಟ್ಟೋ ಪ್ರಶ್ನೆ ಅಂತ ಇದನ್ನ ಕರೆದು, ಬಡವರಿಗೆ ಬರೀ ಹೊಟ್ಟೆ ಇದೆ ಅಂತ ಲೆಕ್ಕ ಹಾಕಬೇಡ. ಅಪ್ಪನಿಗೆ ಸಾಲವಿತ್ತು. ಆದರೂ ಮುಂಗಾರಿಗೆ ಮುಂಚೆ ಊರವರು ಕಾಲುವೆ ಹೂಳು ತೆಗೆಯೋಕೆ ಹೊರಟರೆ ಮನೆ ಕೆಲಸ ಬಿಟ್ಟು ಗುದ್ದಲಿ ಹಿಡಿದು ಹೋಗ್ತಿದ್ದ. ನಮ್ಮ ಹೊಲ ಮಳೆಯಾಶ್ರಯ, ಕೆರೆ ನೀರಿನ ಒಂದು ಹನೀನೂ ನಮಗೆ ಬರ್ತಿರಲಿಲ್ಲ. ಅಮ್ಮ ಬೈದರೆ ಒಂದೇ ಮಾತು ಹೇಳ್ತಿದ್ದ: ಊರ ಕೆರೆ.

ತಮ್ಮ: ನನಗೆ ಅದು ನೆನಪಿಲ್ಲ.

ಅಕ್ಕ: ನೀನು ಹುಟ್ಟೋ ಹೊತ್ತಿಗೆ ನಿಂತಿತ್ತು. ಆಗಲೇ ಕೆರೆ ಸರ್ಕಾರದ್ದು, ನಮ್ಮದಲ್ಲ ಅನ್ನೋ ಭಾವನೆ ಬಂದುಬಿಟ್ಟಿತ್ತು.

ತಮ್ಮ: ಸರ್ಕಾರದ್ದೇ ತಾನೆ? ಅಲ್ಲಿಗೇ ಬರ್ತೀನಿ ನಾನು. ನೀನು ಹತ್ತು ವರ್ಷದಿಂದ ಇಲ್ಲಿ ಬಂದು ಪ್ಲಾಸ್ಟಿಕ್ ಹೆಕ್ಕಿದೀಯ, ಹಕ್ಕಿ ಎಣಿಸಿದೀಯ. ಪಾಲಿಕೆ ಇದೆ, ಜಲಮಂಡಳಿ ಇದೆ, ನಾವು ತೆರಿಗೆ ಕಟ್ಟಿದೀವಿ. ಅವರ ಕೆಲಸ ನಾವು ಮಾಡಿದರೆ ಅವರು ಇನ್ನೂ ಕೈಕಟ್ಟಿ ಕೂರಲ್ವಾ?

ಅಕ್ಕ: ನಿಲ್ಲು ಇಲ್ಲಿ. ಈ ನೀರು ನೋಡು. ಯಲಹಂಕ ಕಡೆಯಿಂದ ಬರೋ ಮನೆ ಮನೆಯ ಕೊಳಚೆ. ಅಲ್ಲಿ ಮೇಲೆ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ, ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧ ಮಾಡೋ ಲೆಕ್ಕದಲ್ಲಿ ಕಟ್ಟಿದ್ದು. ಅಲ್ಲಿ ಹಗಲೂ ರಾತ್ರಿ ಪಾಳಿಯಲ್ಲಿ ಜನ ಕೆಲಸ ಮಾಡ್ತಾರೆ. ಅದು ಸರ್ಕಾರದ ಕೆಲಸ, ಸರ್ಕಾರವೇ ಮಾಡಬೇಕು, ಮಾಡ್ತಿದೆ. ಆದರೆ ಅಲ್ಲಿಂದ ಹೊರಬಂದ ನೀರಲ್ಲೂ ಸಾರಜನಕ, ರಂಜಕ ಉಳಿದಿರುತ್ತೆ. ನೇರ ಕೆರೆಗೆ ಬಿಟ್ಟರೆ ಪಾಚಿ ಕಟ್ಟುತ್ತೆ. ಅದಕ್ಕೆ ಘಟಕಕ್ಕೂ ಕೆರೆಗೂ ನಡುವೆ ಈ ಜೌಗು ಮಾಡಿದಾರೆ. ಜೊಂಡು ಬೇರಿಂದ ಅದನ್ನ ಹೀರಿ ತನ್ನ ಮೈಗೆ ಹಾಕಿಕೊಳ್ಳುತ್ತೆ, ನೀರು ತಿಳಿಯಾಗಿ ಕೆರೆಗೆ ಇಳಿಯುತ್ತೆ. ದೂರದೂರದಿಂದ ಎಂಜಿನಿಯರುಗಳು ಇದನ್ನ ನೋಡೋಕೆ ಬರ್ತಾರೆ. ಇಷ್ಟು ಸರಳ ಉಪಾಯ. ಇದರಲ್ಲೊಂದು ತೊಡಕಿದೆ, ಗೊತ್ತಾ?

ತಮ್ಮ: ಏನು?

ಅಕ್ಕ: ಜೊಂಡನ್ನ ಕಾಲಕಾಲಕ್ಕೆ ಕುಯ್ಯಬೇಕು. ಬಲಿತು ಒಣಗಿ ಅಲ್ಲೇ ಕೊಳೆತರೆ, ಹೀರಿದ್ದನ್ನೆಲ್ಲ ವಾಪಸ್ಸು ನೀರಿಗೇ ಬಿಡುತ್ತೆ. ಯಾವಾಗ ಕುಯ್ಯಬೇಕು, ನೀರಿನ ಬಣ್ಣ ಯಾವತ್ತು ಬದಲಾಯಿತು, ಯಾವ ಮೂಲೇಲಿ ನೊರೆ ಎದ್ದಿದೆ, ಯಾವ ಮೋರಿಯಿಂದ ಹಸಿ ಕೊಳಚೆ ನುಗ್ಗಿತು, ಇದನ್ನ ಯಾರು ನೋಡಬೇಕು? ಕಚೇರಿಯಲ್ಲಿ ಕೂತ ಅಧಿಕಾರಿಗೆ ಕಾಣಲ್ಲ. ದಿನಾ ಇಲ್ಲಿ ನಡೆಯೋರಿಗೆ ಕಾಣುತ್ತೆ. ಹಿಂದೆ ಕೆರೆಗೊಬ್ಬ ನೀರುಗಂಟಿ ಇರ್ತಿದ್ದ. ತೂಬು ಎತ್ತೋನು, ಇಳಿಸೋನು, ಏರಿಯಲ್ಲಿ ಬಿರುಕು ಬಿಟ್ಟರೆ ಊರಿಗೆ ಹೇಳೋನು. ನೀರುಗಂಟಿ ಹೋದ, ಅವನ ಕಣ್ಣು ಹೋಯಿತು. ಸುತ್ತಮುತ್ತಲಿನವರು ಸೇರಿ 'ಜಲಪೋಷಣ್' ಅಂತ ಟ್ರಸ್ಟ್ ಮಾಡಿಕೊಂಡರಲ್ಲ, ಅವರು ಮಾಡ್ತಿರೋದು ನನಗೆ ಆ ಕಣ್ಣಿನ ಕೆಲಸ ಅನ್ನಿಸುತ್ತೆ. ಅಧಿಕಾರಿಗಳ ಜೊತೆ ಕೂತು ಮಾತಾಡ್ತಾರೆ, ಬಿಡದೆ ಕೇಳ್ತಾರೆ. ನೋಡೋರು ಇದ್ದರೆ ಕೈಕಟ್ಟಿ ಕೂರೋದು ಕಷ್ಟ ಕಣೋ. ನೋಡೋರು ಯಾರೂ ಇಲ್ಲದ ಕಡೆ ಕೆರೆ ಹೋಗಿ ಬಸ್ ನಿಲ್ದಾಣ ಆಗಿದೆ, ಬಡಾವಣೆ ಆಗಿದೆ. ಧರ್ಮಾಂಬುಧಿ ಕೆರೆ ಎಲ್ಲಿ ಹೋಯಿತು ಅಂತ ಮೆಜೆಸ್ಟಿಕ್ಕಿನಲ್ಲಿ ನಿಂತು ಕೇಳು.

ತಮ್ಮ: ಸರಿ, ಒಪ್ಪಿದೆ. ಆದರೆ ನೀನು ಶುರು ಮಾಡಿದ್ದು ಕೆರೆಗೋಸ್ಕರನಾ?

ಅಕ್ಕ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅಲ್ಲ. ನಿಮ್ಮ ಭಾವ ಹೋದ ಮೇಲೆ ಮನೆಯೊಳಗೆ ಇರೋಕೆ ಆಗ್ತಿರಲಿಲ್ಲ. ಬೆಳಿಗ್ಗೆ ಎದ್ದು ಇಲ್ಲಿಗೆ ಬಂದು ಆ ಕಲ್ಲಿನ ಮೇಲೆ ಕೂರ್ತಿದ್ದೆ. ಒಂದು ವರ್ಷ ಕೂತೆ. ನೀರು ನೋಡಿದರೆ ಸಮಾಧಾನ ಆಗುತ್ತೆ ಅಂತಾರಲ್ಲ, ಆಗುತ್ತೆ, ಮನೆ ಬಾಗಿಲು ತೆಗೆಯೋ ತನಕ ಇರುತ್ತೆ. ನಿನ್ನ ಶಿಬಿರ ಇದ್ದ ಹಾಗೆ. ಒಂದು ದಿನ ಹಕ್ಕಿ ಎಣಿಸೋ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು, 'ಆಂಟಿ, ನೀವು ದಿನಾ ಇಲ್ಲೇ ಇರ್ತೀರಲ್ಲ, ಈ ಮೂಲೆಯದ್ದು ತಿಂಗಳಿಗೊಂದು ಸಲ ಎಣಿಸಿ ಕೊಡ್ತೀರಾ? ನಮಗೆ ಈ ಕಡೆ ಜನ ಇಲ್ಲ' ಅಂದಳು. ನನಗೆ ಕಾಗೆ, ಗುಬ್ಬಿ, ಕೊಕ್ಕರೆ ಬಿಟ್ಟರೆ ಹೆಸರೇ ಗೊತ್ತಿರಲಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು! ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ತಂದೆ. ಹೆಜ್ಜಾರ್ಲೆ, ಗುಳುಮುಳುಕ, ಜಂಬುಕೋಳಿ, ಮಿಂಚುಳ್ಳಿ. ಮಕ್ಕಳ ಹಾಗೆ ಬಾಯಿಪಾಠ ಮಾಡಿದೆ. ಎರಡನೇ ತಿಂಗಳು ಜ್ವರ ಬಂತು. ಮಲಗಿದ್ದೆ. ಈ ಮೂಲೆ ಖಾಲಿ ಉಳಿಯುತ್ತಲ್ಲ ಅಂತ ಎದ್ದು ಬಂದೆ. ದಾರಿಯಲ್ಲಿ ಹೊಳೀತು ನನಗೆ: ನಿಮ್ಮ ಭಾವ ಹೋದ ಮೇಲೆ ನಾನು ಒಂದು ಕಡೆ ಇಲ್ಲದೇ ಇದ್ದರೆ ಕೊರತೆಯಾಗೋ ಜಾಗ ಇದೇ ಮೊದಲನೇದು.

ತಮ್ಮ: ನೀನು ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ.

ಅಕ್ಕ: ನೀನು ಕೇಳಿರಲಿಲ್ಲ. ನೀನೂ ಕಂತು ಕಟ್ಟೋ ಗಡಿಬಿಡಿಯಲ್ಲಿದ್ದೆ. ಅದು ತಪ್ಪಲ್ಲ, ಆಗ ಅದೇ ನಿನ್ನ ಕೆಲಸ. ಆ ಹದಿನಾರು ವರ್ಷ ನಿನಗೆ ನಿದ್ದೆ ಯಾಕೆ ಬರ್ತಿತ್ತು ಗೊತ್ತಾ? ಸಾಲ ನಿನ್ನನ್ನ ಕಾಯ್ತಿತ್ತು. ಸಂಬಳ ತರದಿದ್ದರೆ ಮನೆ ಬೀಳ್ತಿತ್ತು. ಈಗ ಏನೂ ನಿನ್ನನ್ನ ಕಾಯ್ತಿಲ್ಲ.

ತಮ್ಮ: ಮಗಳಿದಾಳಲ್ಲ.

ಅಕ್ಕ: ಇನ್ನು ಎರಡು ವರ್ಷಕ್ಕೆ ಅವಳು ಹಾಸ್ಟೆಲಿಗೆ ಹೋಗ್ತಾಳೆ. ಹೋಗಬೇಕು. ಅವಳನ್ನೇ ನಿನ್ನ ಉದ್ದೇಶ ಮಾಡಿಕೊಂಡು ಆ ಮಗೂ ಮೇಲೆ ಭಾರ ಹಾಕಬೇಡ.

ತಮ್ಮ: ಕಂಪನಿ ಕೆಲಸವೂ ಕೆಲಸವೇ ಅಲ್ವಾ? ಕಾಯಕ ಅಂತೀಯ. ನಾನು ಬರೆದ ಸಾಫ್ಟ್‌ವೇರಿನಿಂದ ಎಲ್ಲೋ ಯಾರದ್ದೋ ಬಿಲ್ಲು ಸರಿಯಾಗಿ ಹೋಗುತ್ತೆ.

ಅಕ್ಕ: ಖಂಡಿತ ಕಾಯಕವೇ. ಅದಕ್ಕೇ ಬಿಡಬೇಡ ಅಂತ ಹೇಳ್ತಿರೋದು. ಅಪ್ಪ ರಾಗಿ ಬಿತ್ತೋದು ನೋಡಿದೀಯಲ್ಲ?

ತಮ್ಮ: ಕೂರಿಗೆ ಹಿಡಿದು ಹೋಗ್ತಿದ್ದದ್ದು ನೆನಪಿದೆ.

ಅಕ್ಕ: ಒಂದಷ್ಟು ಸಾಲು ರಾಗಿ, ನಡುವೆ ಒಂದು ಸಾಲು ಬೇರೆ. ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಅಕ್ಕಡಿ ಸಾಲು. ಬೆಂಗಳೂರು, ಕೋಲಾರ, ತುಮಕೂರು ಸೀಮೆಯಲ್ಲಿ ಬರೀ ರಾಗಿ ಬಿತ್ತಿದವನನ್ನ ಬೇಸಾಯಗಾರ ಅಂತಲೇ ಕರೀತಿರಲಿಲ್ಲ. ಯಾಕೆ ಬಿತ್ತುತ್ತಿದ್ದರು? ಮಳೆ ಕೈಕೊಟ್ಟು ರಾಗಿ ಹೋದರೂ ಏನೋ ಒಂದು ಕೈಗೆ ಸಿಗುತ್ತೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಜೇನು ಬರುತ್ತೆ. ಅವರೆ ಬೇರಿನ ಗಂಟಲ್ಲಿ ರೈಜೋಬಿಯಂ ಅನ್ನೋ ಸೂಕ್ಷ್ಮಾಣು ಇರುತ್ತೆ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ. ಪಕ್ಕದ ರಾಗಿಯ ನೆಲಕ್ಕೂ ಅದರಿಂದ ಬಲ. ರಾಗಿ ಕುಯ್ದು ಮೆದೆ ಹಾಕಿದ ಮೇಲೂ ಹೊಲ ಖಾಲಿ ಇರಲ್ಲ. ಧನುರ್ಮಾಸದಲ್ಲಿ ಅವರೆ ನಿಂತಿರುತ್ತೆ, ಅದರ ಸೊಗಡು ಬೀದಿ ತನಕ ಬರುತ್ತೆ. ನೀನು ಇಪ್ಪತ್ತೈದು ವರ್ಷ ಹೊಲದ ತುಂಬ ರಾಗಿ ಬಿತ್ತಿದೆ. ಒಳ್ಳೇ ರಾಗಿ. ಈಗ ರಾಗಿ ಸಾಕು, ಹೊಲ ಉತ್ತು ಬೇರೆ ಏನಾದರೂ ಹಾಕ್ತೀನಿ ಅಂತಿದೀಯ. ಬೇಡ. ನಡುವೆ ಅಕ್ಕಡಿ ಸಾಲು ಹಾಕು.

ತಮ್ಮ: ವಾರಕ್ಕೊಂದು ಗಂಟೆ ಸೇವೆ ಮಾಡು ಅಂತೀಯ. ನಮ್ಮ ಕಂಪನಿಯಲ್ಲೂ ವರ್ಷಕ್ಕೊಂದು ದಿನ ಗಿಡ ನೆಡಿಸ್ತಾರೆ ಅಕ್ಕ. ಟೀ ಶರ್ಟು ಕೊಡ್ತಾರೆ, ಫೋಟೋ ತೆಗೀತಾರೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ಗಿಡ. ಅದರಿಂದ ನಾನು ಬೆಳೆದೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಅಕ್ಕ: ಅನ್ನಿಸಬಾರದು. ನೆಟ್ಟ ಗಿಡಕ್ಕೆ ಏಪ್ರಿಲಲ್ಲಿ ನೀರು ಹಾಕೋರು ಯಾರು? ಅದು ಕೇಳಬೇಕಾದ ಪ್ರಶ್ನೆ. ಅಕ್ಕಡಿ ಸಾಲಂದರೆ ಹೊಲದಂಚಿಗೆ ಎಸೆದ ನಾಲ್ಕು ಕಾಳಲ್ಲ. ರಾಗಿ ಜೊತೆಗೇ ಬಿತ್ತಬೇಕು, ರಾಗಿಯಷ್ಟೇ ಕಳೆ ಕೀಳಬೇಕು. ಗಂಟೆ ಲೆಕ್ಕ ಅಲ್ಲ. ನಿನ್ನ ಹೆಸರು ಹಿಡಿದು ಕಾಯೋ ಕೆಲಸ ಒಂದಿರಬೇಕು, ಬೇಸರ ಬಂದ ದಿನವೂ ಹೋಗಬೇಕು, ಬಾರದ್ದನ್ನ ಕಲಿಯಬೇಕು. ಅಲ್ಲಿ ನಿನ್ನ ಹುದ್ದೆ ನಡೆಯಬಾರದು. ಮೀನು ಹಿಡಿಯೋರ ಹತ್ತಿರ, ಜೊಂಡು ಕುಯ್ಯೋರ ಹತ್ತಿರ, ಹತ್ತನೇ ಕ್ಲಾಸಿನ ಹುಡುಗನ ಹತ್ತಿರ ನೀನು ಪಾಠ ಹೇಳಿಸಿಕೊಳ್ಳಬೇಕು. ಹತ್ತು ವರ್ಷ ಹಾಗೆ ಹೋದರೆ ಬೆಳೆದೆಯೋ ಇಲ್ಲವೋ ಅಂತ ನೀನೇನೂ ಅಳೆದು ನೋಡೋ ಹಾಗಿರಲ್ಲ. ಅದರ ಚಿಂತೆ ನಿನಗಿರಲ್ಲ. ಮಾರಯ್ಯನ ಕತೆಯ ಕೊನೆ ಈಗ ಹೇಳು.

ತಮ್ಮ: ಎಬ್ಬಿಸಿ ಕಳಿಸಿದ ಮೇಲೆ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಕಿಲ್ಲ, ತಂದಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ಸು ಕಳಿಸಿದಳು.

ಅಕ್ಕ: ಕೆಲಸ ಬಿಟ್ಟು ಮಾತು ಕೇಳ್ತಾ ಕೂತಾಗಲೂ ಎಬ್ಬಿಸಿದಳು, ಕೆಲಸದ ಹೆಸರಲ್ಲಿ ಕೂಡಿಡೋಕೆ ಹೊರಟಾಗಲೂ ತಡೆದಳು. ಎಂಟುನೂರು ವರ್ಷ ಆಯಿತು. ಆ ಹೆಂಗಸಿನ ಮುಂದೆ ನಿಲ್ಲೋ ಗುರು ನಿನ್ನ ಕೋರ್ಸಿನಲ್ಲಿ ಇದ್ದರಾ?

ತಮ್ಮ: ಇರಲಿಲ್ಲ. ಅಕ್ಕ, ನೇರ ಕೇಳ್ತೀನಿ. ನನ್ನನ್ನ ಕಾಯ್ತಿರೋ ಕೆಲಸ ಯಾವುದು? ನಿನಗೆ ಹಕ್ಕಿ ಎಣಿಸೋ ಹುಡುಗಿ ಸಿಕ್ಕಳು. ನನಗೆ ಯಾರೂ ಬಂದು ಕೇಳಿಲ್ಲ.

ಅಕ್ಕ: ಆ ದೂರದ ದಿಬ್ಬದ ಮೇಲೆ ಬೆಳ್ಳಗೆ ಸಾಲಾಗಿ ಕೂತಿವೆಯಲ್ಲ, ಅವೇನು?

ತಮ್ಮ: ದುರ್ಬೀನು ಕೊಡು. ದೊಡ್ಡ ಕೊಕ್ಕು, ಕೊಕ್ಕಿನ ಕೆಳಗೆ ಚೀಲ. ಹೆಜ್ಜಾರ್ಲೆ ಇರಬೇಕು. ಅದರ ಆಚೆ ಮೂರು ಬೇರೆ ಇವೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ.

ಅಕ್ಕ: ಬಣ್ಣದ ಕೊಕ್ಕರೆ. ನನಗೆ ಎರಡೂ ಒಂದೇ ಬಿಳೀ ಗೆರೆಯಾಗಿ ಕಾಣ್ತಿದೆ.

ತಮ್ಮ: ಅಂದರೆ?

ಅಕ್ಕ: ಎರಡೂ ಕಣ್ಣಿಗೆ ಪೊರೆ ಬಂದಿದೆ. ದೀಪಾವಳಿ ಆದ ಮೇಲೆ ಒಂದೊಂದಾಗಿ ಆಪರೇಷನ್ನು. ಮೂರು ತಿಂಗಳಿಂದ ದೂರದ್ದು ಸರಿಯಾಗಿ ಕಾಣ್ತಿಲ್ಲ. ಹೋದ ತಿಂಗಳು ಈ ಮೂಲೆಯ ಲೆಕ್ಕ ಕೊಡಲಿಲ್ಲ. ಸುಳ್ಳು ಲೆಕ್ಕ ಬರೆಯೋಕೆ ಮನಸ್ಸು ಒಪ್ಪಲಿಲ್ಲ. ಹತ್ತು ವರ್ಷದಲ್ಲಿ ನೋಟ್‌ಬುಕ್ಕಲ್ಲಿ ಅದೊಂದೇ ಪುಟ ಖಾಲಿ.

ತಮ್ಮ: ಅದಕ್ಕೇ ಬೆಳಿಗ್ಗೆಯಿಂದ ನನ್ನ ಕೈಲಿ ನೋಡಿಸ್ತಿದೀಯ.

ಅಕ್ಕ: ಹೂಂ. ನಿನ್ನನ್ನ ಯಾರೂ ಕೇಳಿಲ್ಲ ಅಂದೆಯಲ್ಲ, ನಾನು ಕೇಳ್ತಿದೀನಿ. ಈ ಪುಸ್ತಕ ತಗೋ. ಎಡಗಡೆ ತಾರೀಖು, ಗಂಟೆ. ಬಲಗಡೆ ಹೆಸರು, ಸಂಖ್ಯೆ. ಗೊತ್ತಾಗದೇ ಇದ್ದರೆ ಗೊತ್ತಾಗಲಿಲ್ಲ ಅಂತಲೇ ಬರಿ, ಊಹೆ ಮಾಡಿ ಬರೆಯಬೇಡ. ನೊರೆ, ವಾಸನೆ, ಸತ್ತ ಮೀನು ಕಂಡರೆ ಕೆಳಗೆ ಬರಿ, ಅವತ್ತೇ ಫೋನ್ ಮಾಡು. ಪ್ರತಿ ತಿಂಗಳು ಎರಡನೇ ಭಾನುವಾರ. ನಿನಗೆ ಮೀಟಿಂಗಿದ್ದರೂ, ಮಳೆ ಬಂದರೂ. ನನ್ನ ಕಣ್ಣು ಸರಿಯಾದ ಮೇಲೂ ವಾಪಸ್ಸು ಕೇಳಲ್ಲ. ನನಗೆ ಆಚೆ ದಡ ಇದೆ, ಅಲ್ಲೂ ಜನ ಇಲ್ಲ.

ತಮ್ಮ: ಹೆಜ್ಜಾರ್ಲೆ ಹತ್ತೊಂಬತ್ತು. ಬಣ್ಣದ ಕೊಕ್ಕರೆ ಮೂರು. ಸಣ್ಣದೊಂದು ನೀರಲ್ಲಿ ಮುಳುಗಿ ಏಳ್ತಿದೆ, ಅದು ಗೊತ್ತಾಗಲಿಲ್ಲ.

ಅಕ್ಕ: ಗುಳುಮುಳುಕ ಇರಬೇಕು. ಮತ್ತೆ ಏಳುತ್ತೆ, ನೋಡಿ ಬರಿ. ಮುಂದಿನ ಸಲ ಆರು ಗಂಟೆಗೇ ಬಾ. ಬಿಸಿಲು ಏರಿದರೆ ಅರ್ಧ ಹಕ್ಕಿ ಎದ್ದು ಹೋಗಿರ್ತವೆ.